ಬಿಡುವಿನ ವೇಳೆಗೆ ಉಣ್ಣೆ ನೂಲುವ ಕೈಕಸುಬು

ಉಣ್ಣೆ ಕತ್ತರಿಸುವ ಕಾಲ ಬಂತೆಂದರೆ ಕುರಿಹಟ್ಟಿಯ ಬದಿಯಲ್ಲಿ, ತಿಪ್ಪೆಯ ಮೇಲೆ, ಬೇಲಿಯ ಸಾಲಿನಲ್ಲಿ ಕರಿಯುಣ್ಣೆಯ ರಾಶಿ ಬಿದ್ದಿರುವುದನ್ನು ಚಿತ್ರದುರ್ಗ, ಬಳ್ಳಾರಿ, ಕೊಪ್ಪಳ, ಹಾವೇರಿ ಜಿಲ್ಲೆಗಳ ಒಣಪ್ರದೇಶಗಳಲ್ಲಿ ತಿರುಗಾಡುವವರು ಈಗ ಸಾಮಾನ್ಯವಾಗಿ ಕಾಣುತ್ತಾರೆ. ಉಣ್ಣೆಗೆ ಸಿಗುವ ಬೆಲೆ ಕತ್ತರಿಸುವವರ ಕೂಲಿಗೂ ಸಾಲದೆಂದು ಕುರಿ ಸಾಕುವವರು ಹೇಳುವುದರಲ್ಲಿ ಸುಳ್ಳಿಲ್ಲ. ಮಾಂಸದ ಬೇಡಿಕೆ ಹೆಚ್ಚಿದಂತೆ ದಖ್ಖನಿ ತಳಿಯ ಮಂದೆಗಳಿಗೆ ಉಣ್ಣೆಯಿಲ್ಲದ, ಕೂದಲು ಮೈಯ ಟಗರುಗಳನ್ನು ಬಿಡುವ ರೂಢಿಯೂ ಬೆಳೆದಿದೆ. ಹೀಗಾಗಿ ಚಳ್ಳಕೆರೆ, ಮೇಡ್ಲೇರಿಯಂತಹ ಊರುಗಳಿಗೆ ಹೆಸರು ತಂದ ಕಂಬಳಿಯ ಮೂಲವಸ್ತು ಕಣ್ಣೆದುರಿಗೇ ಮಣ್ಣುಪಾಲಾಗುತ್ತಿದೆ. ಅದಕ್ಕಿಂತ ಬೇಗ ಕಾಣೆಯಾಗುತ್ತಿರುವುದು ಅದನ್ನು ನೂಲುವ ಕೈಗಳು. ಅನೇಕ ಮನೆಗಳಲ್ಲಿ ಅಜ್ಜಿಗೆ ಬರುವ ಕೆಲಸ ಮಗಳಿಗೆ ಬಾರದು, ಮೊಮ್ಮಗಳು ರಾಟೆಯನ್ನು ಕಂಡೇ ಇಲ್ಲ.

ಈ ಲೇಖನದಲ್ಲಿ ವಿವರಿಸಿರುವುದು ಉಪಕಸುಬಲ್ಲ, ಹವ್ಯಾಸ. ವಿಸ್ತರಣೆಯವರಾದ ನಾವು ಪ್ರತಿಯೊಂದು ಕೆಲಸದ ಕೊನೆಗೂ 'ಅಧಿಕ ಆದಾಯ' ಎಂಬ ಮಾತು ಸೇರಿಸುವುದುಂಟು. ಇಲ್ಲಿ ಅದನ್ನು ಸೇರಿಸುವಂತಿಲ್ಲ. ತಕಲಿಯಲ್ಲಿ ನೂತ ನೂಲಿಗೆ ದಿನಗೂಲಿ ಗಿಟ್ಟುವುದಿಲ್ಲ. ಆದರೆ ಮಳೆ ಹಿಡಿದ ಮಧ್ಯಾಹ್ನ, ಮಂದೆಯ ಹಿಂದೆ ನಿಂತ ಹೊತ್ತು, ಸುಗ್ಗಿ ಮುಗಿದ ಮೇಲಿನ ಸಂಜೆ ಇವೆಲ್ಲ ಹೇಗೂ ಕಳೆಯುವ ಕಾಲ. ಆ ಹೊತ್ತಿನಲ್ಲಿ ಎಸೆಯುವ ವಸ್ತುವಿನಿಂದ ಮನೆಗೆ ಬೇಕಾದ ಒಂದು ಗಟ್ಟಿ ವಸ್ತು ತಯಾರಾದರೆ ಸಿಗುವ ಸಂತೋಷವನ್ನು ಅನುಭವಿಸಿದವರೇ ಬಲ್ಲರು.

ಉಣ್ಣೆಯ ಗುಣ

ಉಣ್ಣೆಯು ಕೆರಾಟಿನ್ ಎಂಬ ಸಸಾರಜನಕದಿಂದ ಆದದ್ದು. ಎಳೆಯ ಮೈಮೇಲೆ ಮೀನಿನ ಹೊಪ್ಪಳೆಯಂತೆ ಸೂಕ್ಷ್ಮ ಪದರಗಳಿದ್ದು, ಅವು ಒಂದಕ್ಕೊಂದು ಕಚ್ಚಿಕೊಳ್ಳುವುದರಿಂದಲೇ ಹುರಿ ಹಾಕಿದ ನೂಲು ಬಿಚ್ಚದೆ ನಿಲ್ಲುತ್ತದೆ. ತನ್ನ ತೂಕದ ಶೇ. 30ರಷ್ಟು ತೇವ ಹೀರಿದರೂ ಉಣ್ಣೆ ಮುಟ್ಟಲು ಒದ್ದೆಯೆನಿಸುವುದಿಲ್ಲ. ಕಂಬಳಿಕೊಪ್ಪೆ ಹೊದ್ದು ಮಳೆಯಲ್ಲಿ ಕೆಲಸ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ದಖ್ಖನಿ ಉಣ್ಣೆ ಒರಟು. ಮೆರಿನೊ ಉಣ್ಣೆಯ ಎಳೆ ಸುಮಾರು 20 ಮೈಕ್ರಾನ್ ದಪ್ಪವಿದ್ದರೆ ಇದರದು ಹೆಚ್ಚುಕಡಿಮೆ ಎರಡರಷ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು. 30 ಮೈಕ್ರಾನಿಗಿಂತ ದಪ್ಪನೆಯ ಎಳೆಗಳು ಬರಿಮೈಗೆ ಚುಚ್ಚುತ್ತವೆ. ಆದ್ದರಿಂದ ಇದರಲ್ಲಿ ಮಗುವಿನ ಸ್ವೆಟರ್ ಹೆಣೆಯುವ ಆಸೆ ಬೇಡ. ಆಸನ, ಚೀಲ, ಕಾಲೊರಸು, ಎತ್ತಿನ ಕೊರಳಿನ ಗೊಂಡೆ ಮುಂತಾದವುಗಳಿಗೆ ಇದಕ್ಕಿಂತ ಬಾಳಿಕೆಯ ನೂಲು ಸಿಗದು. ಮರಿಯ ಮೊದಲ ಕತ್ತರಿಕೆಯ ಉಣ್ಣೆ ಮಾತ್ರ ಮೃದುವಾಗಿರುತ್ತದೆ, ಅದನ್ನು ಬೇರೆಯಾಗಿಡಬೇಕು.

ಆಯ್ಕೆ ಮತ್ತು ಎಚ್ಚರಿಕೆ

ಕತ್ತರಿಸುವ ಹಿಂದಿನ ದಿನ ಕುರಿಗಳನ್ನು ಹಳ್ಳದಲ್ಲೋ ಕೆರೆಯಲ್ಲೋ ಈಜಾಡಿಸಿ, ಮೈ ಪೂರ್ತಿ ಒಣಗಿದ ಮೇಲೆ ಶುಭ್ರವಾದ ತಾಡಪಾಲಿನ ಮೇಲೆ ಕತ್ತರಿಸಿದರೆ ಅರ್ಧ ಕೆಲಸ ಮುಗಿದಂತೆ. ಒಂದೇ ಜಾಗದಲ್ಲಿ ಎರಡು ಸಲ ಕತ್ತರಿ ಆಡಿಸಬಾರದು. ಎರಡನೆಯ ಸಲ ಬೀಳುವ ತುಂಡುಗಳು ನೂಲಿನಲ್ಲಿ ಗಂಟುಗಳಾಗುತ್ತವೆ. ಬೆನ್ನು ಮತ್ತು ಪಕ್ಕೆಯ ಉಣ್ಣೆಯನ್ನು ನೂಲಲು ಇಟ್ಟುಕೊಂಡು ಹೊಟ್ಟೆ, ಕಾಲು, ಬಾಲದ ಉಣ್ಣೆಯನ್ನು ಬೇರ್ಪಡಿಸಬೇಕು. ಈ ಬೇರ್ಪಡಿಸಿದ ಉಣ್ಣೆಯನ್ನು ತೆಂಗಿನ ಪಾತಿಯಲ್ಲಿ ಹುಗಿದರೆ ತೇವ ನಿಲ್ಲುತ್ತದೆ, ನಿಧಾನವಾಗಿ ಕೊಳೆತು ಸಾರಜನಕವನ್ನೂ ಕೊಡುತ್ತದೆ.

ಒಂದು ವಿಷಯದಲ್ಲಿ ಮಾತ್ರ ಸಡಿಲ ಬೇಡ. ಇದ್ದಕ್ಕಿದ್ದಂತೆ ಸತ್ತ ಕುರಿಯ ಉಣ್ಣೆಯನ್ನು ಯಾವ ಕಾರಣಕ್ಕೂ ತೆಗೆಯಬಾರದು. ನೆರಡಿ ರೋಗದ ಅಣುಜೀವಿಯ ಬೀಜಾಣುಗಳು ಉಣ್ಣೆಯಲ್ಲಿ ಬಹುಕಾಲ ಬದುಕಿದ್ದು, ಹಿಂಜುವಾಗ ಧೂಳಿನೊಡನೆ ಮನುಷ್ಯನ ಶ್ವಾಸಕೋಶಕ್ಕೆ ಸೇರಬಲ್ಲವು. ಉಣ್ಣೆ ವಿಂಗಡಿಸುವ ಕೆಲಸಗಾರರ ಕಾಯಿಲೆಯೆಂದೇ ಈ ರೋಗಕ್ಕೆ ಹಿಂದೆ ಹೆಸರಿತ್ತು. ಅಂತಹ ಕುರಿಯನ್ನು ಕೊಯ್ಯದೆ, ಚರ್ಮ ಸುಲಿಯದೆ ಪಶುವೈದ್ಯರಿಗೆ ತಿಳಿಸಬೇಕು. ಹಾಗೆಯೇ ಉಣ್ಣೆ, ಹೇನುಗಳ ನಿವಾರಣೆಗೆ ಔಷಧದ ನೀರಿನಲ್ಲಿ ಈಚೆಗೆ ಅದ್ದಿದ ಕುರಿಯ ಉಣ್ಣೆಯೂ ಕೈಕೆಲಸಕ್ಕೆ ಬೇಡ (ಇಲ್ಲಿ ಹೇಳಿದ ಉಣ್ಣೆ ರಕ್ತ ಹೀರುವ ಹುಳು, ಎರಡಕ್ಕೂ ನಮ್ಮಲ್ಲಿ ಒಂದೇ ಹೆಸರು). ಹಿಂಜುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳುವುದು ಒಳ್ಳೆಯದು.

ತೊಳೆಯುವ ಕ್ರಮ

ಮೊದಲ ಸಲಕ್ಕೆ ಕಾಲು ಕಿಲೋ ಉಣ್ಣೆ ಸಾಕು. ಮುಳ್ಳು, ಹಿಕ್ಕೆಗಳನ್ನು ಆರಿಸಿ ತೆಗೆದು ತಣ್ಣೀರಿನಲ್ಲಿ ರಾತ್ರಿಯಿಡೀ ನೆನೆಹಾಕಬೇಕು. ಈ ನೀರನ್ನು ಗಿಡಗಳಿಗೆ ಹಾಕಬಹುದು. ಕುರಿಯ ಬೆವರಿನ ಪೊಟ್ಯಾಷ್ ಅಂಶ ಅದರಲ್ಲಿರುತ್ತದೆ. ಮಾರನೆಯ ದಿನ ಕೈ ಸಹಿಸುವಷ್ಟು ಬಿಸಿಯಾದ ನೀರಿಗೆ, ಹಿಂದಿನ ರಾತ್ರಿ ನೆನೆಸಿದ ಸುಮಾರು 50 ಗ್ರಾಂ ಅಂಟುವಾಳದ ಸಿಪ್ಪೆಯ ರಸವನ್ನು ಸೋಸಿ ಹಾಕಿ ಉಣ್ಣೆಯನ್ನು ಅದುಮಿ ಮುಳುಗಿಸಬೇಕು. ಕಾಲು ಗಂಟೆಯ ನಂತರ ಎತ್ತಿ, ಅಷ್ಟೇ ಬಿಸಿಯ ಬೇರೆ ನೀರಿನಲ್ಲಿ ಎರಡು ಸಲ ಜಾಲಿಸಿ ನೆರಳಿನಲ್ಲಿ ಒಣಗಿಸಬೇಕು.

ಉಜ್ಜಬಾರದು, ಹಿಂಡಬಾರದು, ಸೋಡ ಹಾಕಬಾರದು. ಈ ಮೂರನ್ನೂ ಒಟ್ಟಿಗೆ ಮಾಡಿದವನು ನಾನೇ. ಬೇಗ ಮುಗಿಯಲೆಂದು ಕುದಿನೀರಿಗೆ ಬಟ್ಟೆಸೋಡ ಸೇರಿಸಿ, ಕೋಲಿನಿಂದ ತಿರುವಿ, ಮೇಲೆ ತಣ್ಣೀರು ಸುರಿದೆ. ಬಿಸಿ, ಕ್ಷಾರ, ತಿಕ್ಕಾಟ ಮೂರೂ ಕೂಡಿದರೆ ಹೊಪ್ಪಳೆಗಳು ಬಿಚ್ಚಿ ಒಂದರಲ್ಲೊಂದು ಸಿಕ್ಕಿಕೊಳ್ಳುತ್ತವೆ. ನನ್ನ ಒಂದು ಕಿಲೋ ಉಣ್ಣೆ ಮುದ್ದೆಗಟ್ಟಿ, ಹಿಂಜಲು ಬಾರದಂತಾಯಿತು. ಅದನ್ನು ತಟ್ಟಿ ಚಪ್ಪಟೆ ಮಾಡಿ ಸೈಕಲ್ಲಿನ ಸೀಟಿಗೆ ಹೊದಿಸಿದೆ. ಸೀಟಿಗೆ ಒಳ್ಳೆಯದೇ ಆಯಿತು.

ತಕಲಿ ಮತ್ತು ನೂಲುವಿಕೆ

ಒಣಗಿದ ಉಣ್ಣೆಯನ್ನು ಬೆರಳಿನಿಂದ ಬಿಡಿಸಿ, ಕಂಬಳಿ ನೇಯುವವರ ಊರಾದರೆ ಬಿಲ್ಲಿನಿಂದ ಹಿಂಜಿಸಿಕೊಳ್ಳಬಹುದು. ಬಿಲ್ಲಿಲ್ಲದವರು ಸಾಕುನಾಯಿಯ ಕೂದಲು ಬಾಚುವ ತಂತಿ ಬ್ರಷ್ಷುಗಳೆರಡನ್ನು ಎದುರುಬದುರಾಗಿ ಎಳೆದು ಹಿಂಜಬಹುದು. ಹಿಂಜಿದ್ದನ್ನು ಬೆರಳು ಗಾತ್ರದ ಸಡಿಲ ಹಂಜಿಗಳಾಗಿ ಸುತ್ತಿಡಬೇಕು.

ತಕಲಿಯನ್ನು ಮನೆಯಲ್ಲೇ ಮಾಡಬಹುದು. ಸೀಸದಕಡ್ಡಿಯಷ್ಟು ದಪ್ಪನೆಯ, 25ರಿಂದ 30 ಸೆಂ. ಮೀ. ಉದ್ದದ ನೇರವಾದ ಬಿದಿರುಕಡ್ಡಿಗೆ 6-7 ಸೆಂ. ಮೀ. ಅಗಲದ ಮರದ ಬಿಲ್ಲೆಯನ್ನು ಕೆಳಭಾಗದಲ್ಲಿ ಬಿಗಿಯಾಗಿ ಕೂರಿಸಿ, ಮೇಲ್ತುದಿಗೆ ತಂತಿಯ ಕೊಕ್ಕೆ ಹಾಕಬೇಕು. ಒಟ್ಟು ತೂಕ 30-40 ಗ್ರಾಂ ಇದ್ದರೆ ದಖ್ಖನಿ ಉಣ್ಣೆಗೆ ಸರಿಹೋಗುತ್ತದೆ. ಬಿಲ್ಲೆಯ ತೂತು ನಟ್ಟನಡುವೆ ಇರದಿದ್ದರೆ ತಕಲಿ ತೂರಾಡುತ್ತದೆ. ಶಾಲಾ ಮಕ್ಕಳಿಗೆ ತೋರಿಸಲು ಗುಂಡನೆಯ ಆಲೂಗಡ್ಡೆಗೆ ಕಡ್ಡಿ ಚುಚ್ಚಿದರೂ ಒಂದು ದಿನದ ಮಟ್ಟಿಗೆ ನಡೆಯುತ್ತದೆ.

ಕಡ್ಡಿಗೆ ಮೊಳದುದ್ದ ದಾರ ಕಟ್ಟಿ, ಕೊಕ್ಕೆಗೆ ಸಿಕ್ಕಿಸಿ, ದಾರದ ತುದಿಯ ಮೇಲೆ ಹಂಜಿಯ ನಾಲ್ಕು ಎಳೆ ಇಟ್ಟು ಹಿಡಿದು, ತಕಲಿಯನ್ನು ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಬೇಕು. ಕಲಿಯುವವರು ತಿರುಗಿಸುವುದನ್ನೂ ಎಳೆಯುವುದನ್ನೂ ಒಟ್ಟಿಗೆ ಮಾಡಲು ಹೋಗಿ ಸೋಲುತ್ತಾರೆ. ಆರಂಭದಲ್ಲಿ ತಕಲಿಯನ್ನು ಚೆನ್ನಾಗಿ ತಿರುಗಿಸಿ, ಅದು ಹಿಂದಕ್ಕೆ ತಿರುಗುವ ಮೊದಲೇ ಮೊಣಕಾಲುಗಳ ನಡುವೆ ಹಿಡಿದು ನಿಲ್ಲಿಸಬೇಕು. ಆಗ ಹುರಿ ದಾರದಲ್ಲೇ ಕೂಡಿರುತ್ತದೆ. ಕೆಳಗಿನ ಕೈಯ ಹೆಬ್ಬೆರಳು ತೋರುಬೆರಳು ಹುರಿಯನ್ನು ತಡೆದಿರಲಿ. ಮೇಲಿನ ಕೈ ಹಂಜಿಯನ್ನು ಸ್ವಲ್ಪ ಹಿಂದಕ್ಕೆ ಎಳೆದು ಎಳೆಗಳನ್ನು ತೆಳುವಾಗಿಸಲಿ. ಆಮೇಲೆ ಕೆಳಗಿನ ಬೆರಳು ಸಡಿಲಿಸಿದರೆ ಹುರಿ ತಾನಾಗಿ ಮೇಲೇರುತ್ತದೆ. ಹುರಿ ಹಂಜಿಯೊಳಗೆ ಹೊಕ್ಕರೆ ಎಳೆಯಲು ಬಾರದು. ಕಲಿಕೆಯ ಮುಕ್ಕಾಲು ಪಾಲು ಇದೇ ಎನ್ನಬಹುದು.

ಹುರಿ ಯಾವಾಗಲೂ ತೆಳುವಾದ ಕಡೆಗೆ ಓಡುತ್ತದೆ, ದಪ್ಪನೆಯ ಕಡೆ ಸಡಿಲವಾಗಿ ಉಳಿಯುತ್ತದೆ. ದಪ್ಪಗಾದಲ್ಲಿ ಎರಡೂ ಬದಿ ಹಿಡಿದು ಹುರಿ ಬಿಚ್ಚಿ ಮೆಲ್ಲಗೆ ಎಳೆದರೆ ಸಮವಾಗುತ್ತದೆ. ನೂಲು ಹರಿದರೆ ಗಂಟು ಹಾಕದೆ, ತುದಿಯನ್ನು ಬಿಡಿಸಿ ಹೊಸ ಎಳೆಗಳ ಮೇಲಿಟ್ಟು ಮತ್ತೆ ಹುರಿಗೊಳಿಸಬೇಕು. ಮೊದಲ ವಾರದ ನೂಲು ಹಾವು ಇಲಿ ನುಂಗಿದಂತೆ ಅಲ್ಲಲ್ಲಿ ಉಬ್ಬಿಕೊಂಡೇ ಇರುತ್ತದೆ. ಅದನ್ನು ಎಸೆಯಬೇಡಿ, ಕಾಲೊರಸಿಗೆ ಅದೇ ಚೆಂದ.

ಎರಡು ಉಂಡೆಗಳಾದ ಮೇಲೆ ಎರಡೂ ಎಳೆಗಳನ್ನು ಜೊತೆಗೂಡಿಸಿ, ಈ ಸಲ ತಕಲಿಯನ್ನು ವಿರುದ್ಧ ದಿಕ್ಕಿಗೆ ತಿರುಗಿಸಿ ಜೋಡಿ ಹುರಿ ಮಾಡಬೇಕು. ಒಂಟಿ ಎಳೆಯಲ್ಲಿ ಹೆಣೆದ ಬಟ್ಟೆ ಓರೆಯಾಗುತ್ತದೆ. ಜೋಡಿ ನೂಲನ್ನು ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡಿ, ನಾಲ್ಕು ಕಡೆ ಸಡಿಲವಾಗಿ ಕಟ್ಟಿ, ಉಗುರುಬೆಚ್ಚಗಿನ ನೀರಿನಲ್ಲಿ 20 ನಿಮಿಷ ನೆನೆಸಿ ನೇತುಹಾಕಿದರೆ ಹುರಿ ಕೂರುತ್ತದೆ.

ಹೆಣಿಗೆ

ನೇಯ್ಗೆಗೆ ಕುಣಿಮಗ್ಗ, ಹುಣಸೆಬೀಜದ ಗಂಜಿ, ವರ್ಷಗಳ ಅಭ್ಯಾಸ ಬೇಕು. ಅದು ಕಂಬಳಿ ನೇಕಾರರ ವಿದ್ಯೆ. ಹೆಣಿಗೆಗೆ ಎರಡು ಕಡ್ಡಿ ಸಾಕು. ಸೈಕಲ್ ಕಡ್ಡಿ ಈ ನೂಲಿಗೆ ತೀರಾ ಸಣ್ಣ. ಬಿದಿರನ್ನು 6 ಮಿ. ಮೀ. ದಪ್ಪಕ್ಕೆ ಕೆತ್ತಿ, ಗಾಜುಕಾಗದದಲ್ಲಿ ತಿಕ್ಕಿ, ಕೊಬ್ಬರಿ ಎಣ್ಣೆ ಸವರಿದರೆ ಆಯಿತು. ಎಲ್ಲ ಸಾಲುಗಳನ್ನೂ ಸೀದಾ ಕುಣಿಕೆಯಲ್ಲೇ ಹೆಣೆದರೆ ಅಂಚು ಮಡಚಿಕೊಳ್ಳದ ದಪ್ಪ ಹಾಸು ಬರುತ್ತದೆ. ಸೀದಾ, ಉಲ್ಟಾ ಕುಣಿಕೆಗಳನ್ನು ಕೈಹಿಡಿದು ಕಲಿಸುವವರು ಪ್ರತಿ ಊರಿನಲ್ಲೂ ಒಬ್ಬರಾದರೂ ಇರುತ್ತಾರೆ. ಓದಿ ಕಲಿಯುವುದಕ್ಕಿಂತ ಅವರ ಪಕ್ಕದಲ್ಲಿ ಒಂದು ಸಂಜೆ ಕೂರುವುದು ಮೇಲು.

ಅಳತೆಗೆ ಮಾತ್ರ ಲೆಕ್ಕ ಬೇಕು. ಮೊದಲು 16 ಕುಣಿಕೆಗಳ ಒಂದು ಮಾದರಿ ತುಂಡು ಹೆಣೆದು, ಮಧ್ಯದ 10 ಸೆಂ. ಮೀ.ನಲ್ಲಿ ಎಷ್ಟು ಕುಣಿಕೆಗಳಿವೆ ಎಂದು ಎಣಿಸಬೇಕು. 12 ಇದ್ದರೆ 40 ಸೆಂ. ಮೀ. ಅಗಲದ ಆಸನಕ್ಕೆ 48 ಕುಣಿಕೆ ಹಾಕಬೇಕು. ಕೈನೂಲಿನಲ್ಲಿ ಒಬ್ಬರ ಲೆಕ್ಕ ಇನ್ನೊಬ್ಬರಿಗೆ ಹೊಂದದು.

ಕರಿಯುಣ್ಣೆಗೆ ಬಣ್ಣದ ಗೊಡವೆಯಿಲ್ಲ. ಬಿಳಿ, ಬೂದು ಉಣ್ಣೆಯಿದ್ದರೆ 100 ಗ್ರಾಂಗೆ 15 ಗ್ರಾಂ ಪಟಿಕದ ನೀರಿನಲ್ಲಿ ಬಿಸಿಮಾಡಿ, ದಾಳಿಂಬೆ ಸಿಪ್ಪೆಯ ಕಷಾಯದಲ್ಲಿ ನಿಧಾನವಾಗಿ ಕಾಯಿಸಿದರೆ ಹಳದಿ ಬಣ್ಣ ಹತ್ತುತ್ತದೆ. ಅರಿಶಿನದ ಬಣ್ಣ ಬಿಸಿಲಿಗೆ ಬಹುಬೇಗ ಹಾರುತ್ತದೆ.

ಉಳಿದ ನೂಲನ್ನು ಜಿಡ್ಡು, ಕೊಳೆ ಇಲ್ಲದಂತೆ ತೊಳೆದೇ ಇಡಬೇಕು, ಏಕೆಂದರೆ ನುಸಿಚಿಟ್ಟೆಯ ಮರಿಹುಳು ಕೊಳೆಯಿದ್ದ ಉಣ್ಣೆಗೇ ಮೊದಲು ಬೀಳುತ್ತದೆ. ಒಣ ಬೇವಿನೆಲೆ, ಬಜೆಯ ತುಂಡುಗಳನ್ನು ಜೊತೆಗಿಟ್ಟು ಎರಡು ತಿಂಗಳಿಗೊಮ್ಮೆ ಬಿಸಿಲಿಗೆ ಹಾಕಬೇಕು. ತುಂಡು ನೂಲುಗಳಿಂದ ಗೊಂಡೆ ಕಟ್ಟಿಟ್ಟುಕೊಂಡರೆ ಕಾರಹುಣ್ಣಿಮೆಗೆ ಎತ್ತಿನ ಕೊಂಬಿಗೆ ಪೇಟೆಯ ಪ್ಲಾಸ್ಟಿಕ್ ಗೊಂಡೆ ತರುವ ಖರ್ಚು ತಪ್ಪುತ್ತದೆ.