ಎಲ್ಲಿ ಸುರೀತೀಯಪ್ಪ ಅಂತ ಕೇಳು

ಮಗನೇ, ಗೃಹಪ್ರವೇಶದ ದಿನ ಬಂದವರೆಲ್ಲ ದೇವರಮನೆ, ಅಡುಗೆಮನೆ ನೋಡಿ ಹೊಗಳಿದರು. ನಾನು ಹಿತ್ತಲಿಗೆ ಹೋಗಿ ಕಕ್ಕಸಿನ ಪಿಟ್ಟಿನ ಮುಚ್ಚಳ ಹುಡುಕಿದೆ. ಸಿಗಲಿಲ್ಲ. ಮೇಲೆ ಟೈಲ್ಸ್ ಹಾಕಿಸಿಬಿಟ್ಟಿದ್ದೀಯ! ಹೋಳಿಗೆ ಊಟದ ಹೊತ್ತಲ್ಲಿ ಆ ಮಾತೆತ್ತಿದ್ದರೆ ನಿಮ್ಮ ದೊಡ್ಡಮ್ಮ ನನ್ನನ್ನು ಸುಮ್ಮನೆ ಬಿಡ್ತಿರಲಿಲ್ಲ. ಅದಕ್ಕೇ ಈಗ ಹೇಳ್ತಿದೀನಿ.

ನಿನ್ನ ಬಡಾವಣೆಗೆ ಒಳಚರಂಡಿ ಬಂದಿಲ್ಲ. ಸೆಪ್ಟಿಕ್ ಟ್ಯಾಂಕನ್ನು ಎರಡು ಮೂರು ವರ್ಷಕ್ಕೊಮ್ಮೆ ಖಾಲಿ ಮಾಡಿಸಲೇಬೇಕು. ಮಾಡಿಸದಿದ್ದರೆ ತಳದ ಗಸಿ ಏರಿ ಏರಿ, ತಿಳಿನೀರು ಹೋಗಬೇಕಾದ ಪೈಪಿನಲ್ಲೇ ಕೆಸರು ಹೊರಡುತ್ತೆ. ಅದು ಮೋರಿಗೆ, ಮೋರಿಯಿಂದ ರಾಜಕಾಲುವೆಗೆ, ಅಲ್ಲಿಂದ ಕೆರೆಗೆ. ಆಮೇಲೆ ಅಂತರಗಂಗೆ ಹಬ್ಬಿತು, ಮೀನು ಸತ್ತವು ಅಂತ ನಾವೇ ಪುರಸಭೆಗೆ ಅರ್ಜಿ ಕೊಡ್ತೀವಿ.

ಸರಿ, ಪಿಟ್ಟು ಖಾಲಿ ಮಾಡೋ ಗಾಡಿ ಕರೆಸಿದೆ ಅಂತಿಟ್ಟುಕೋ. ಎಷ್ಟು ತಗೋತೀಯ ಅಂತ ಚೌಕಾಸಿ ಮಾಡ್ತೀವಿ, ಎಲ್ಲಿ ಸುರೀತೀಯಪ್ಪ ಅಂತ ಒಬ್ಬರೂ ಕೇಳಲ್ಲ. ಕತ್ತಲಾದ ಮೇಲೆ ಕಾಲುವೆ ಪಕ್ಕ ನಿಲ್ಲಿಸಿ ಪೈಪು ಬಿಟ್ಟರೆ ನೋಡೋರು ಯಾರು?

ದೇವನಹಳ್ಳಿಯಲ್ಲಿ ಈ ಗಾಡಿಗಳಿಗೆಂದೇ 2015ರಲ್ಲಿ ಒಂದು ಘಟಕ ಕಟ್ಟಿದರು. ಒಂದಿಡೀ ಪಟ್ಟಣದ ಪಿಟ್ಟಿನ ಕೆಸರಿಗಾಗಿ ಕಟ್ಟಿದ್ದರಲ್ಲಿ ದೇಶದಲ್ಲೇ ಮೊದಲನೆಯದು ಅಂತಾರೆ. ದೊಡ್ಡ ಯಂತ್ರ ಗಿಂತ್ರ ಏನಿಲ್ಲ, ಹೆಚ್ಚಿನ ಕೆಲಸವೆಲ್ಲ ಇಳಿಜಾರಿಂದಲೇ ಆಗುತ್ತೆ. ಗಾಡಿ ಸುರಿದದ್ದು ಮೊದಲು ಜಾಲರಿ ದಾಟಬೇಕು. ಆಮೇಲೆ ಗಾಳಿಯಾಡದ ತೊಟ್ಟಿಯಲ್ಲಿ ಸೂಕ್ಷ್ಮಜೀವಿಗಳು ಅದನ್ನು ಕೊಳೆಸಿ ಹದಕ್ಕೆ ತರುತ್ತವೆ. ಹದವಾದ ಕೆಸರನ್ನು ಮರಳು ಜಲ್ಲಿಯ ಮಡಿಗಳ ಮೇಲೆ ಹರಡಿದರೆ, ರಾಗಿ ಒಣಗಿಸಿದ ಹಾಗೆ ಒಣಗುತ್ತೆ. ಬಸಿದ ನೀರನ್ನೂ ಹಾಗೇ ಬಿಡಲ್ಲ. ಅದು ಒಂದೊಂದೇ ಕೋಣೆ ದಾಟಿ, ಗಿಡ ನೆಟ್ಟ ಜಲ್ಲಿ ಹಾಸಿನೊಳಗೆ ಸೋಸಿ ಬರುತ್ತೆ. ಒಣಗಿದ್ದನ್ನು ಊರಿನ ಹಸಿ ಕಸದ ಜೊತೆ ಬೆರೆಸಿ ಗೊಬ್ಬರ ಮಾಡ್ತಾರೆ. ಗೊಬ್ಬರದ ರಾಶಿ ಕಾವೇರುತ್ತಲ್ಲ, ಆ ಕಾವಿಗೆ ಜಂತುಹುಳದ ಮೊಟ್ಟೆ ಸಾಯುತ್ತವೆ. ಹಸಿ ಕೆಸರನ್ನೇ ಸೊಪ್ಪಿನ ಹೊಲಕ್ಕೆ ಸುರಿಸಿಕೊಳ್ಳೋದಕ್ಕೂ ಇದಕ್ಕೂ ಇರೋ ವ್ಯತ್ಯಾಸ ಅದೇ.

ಆ ಘಟಕಕ್ಕೆ ಕಟ್ಟುವಾಗ ಇಟ್ಟ ಅಳತೆ ದಿನಕ್ಕೆ 6,000 ಲೀಟರ್. ಅಂದರೆ ಒಂದೆರಡು ಗಾಡಿ, ಅಷ್ಟೇ. ಆದರೆ ಅಲ್ಲಿಗೆ ಹೋದ ಒಂದೊಂದು ಗಾಡಿಯೂ ಕೆರೆಗೆ ಬೀಳದೆ ತಪ್ಪಿದ ಗಾಡಿ. ಈ ಕಡೆ ಒಂದು ಕೆರೆ ಕೋಡಿ ಬಿದ್ದರೆ ನೀರು ಕೆಳಗಿನ ಕೆರೆಗೆ ತಾನೇ ಹೋಗೋದು? ದಕ್ಷಿಣ ಪಿನಾಕಿನಿ ನದಿಯ ಸೀಮೆ ಇದು, ನಮ್ಮ ಕೊಳೆ ಹೊಸಕೋಟೆ ಕಡೆಯವರ ಬಾಗಿಲಿಗೂ ಹೋಗುತ್ತೆ.

ಗಾಡಿಯವನಿಗೆ ದುಡ್ಡು ಕೊಡೋ ಮೊದಲು ಎಲ್ಲಿ ಸುರೀತೀಯ ಅಂತ ಕೇಳು. ನಾಚಿಕೆ ಪಡಬೇಡ. ನೂರು ಇನ್ನೂರು ಕಮ್ಮಿಗೆ ಬರ್ತೀನಿ ಅಂದವನ ಮೇಲೆ ಸ್ವಲ್ಪ ಅನುಮಾನ ಇರಲಿ. ಪೈಪು ಮುಟ್ಟದ ಕಡೆ ಆಳು ಇಳಿಸ್ತೀನಿ ಅಂದರಂತೂ ಖಂಡಿತ ಬೇಡ ಅನ್ನು. ಒಳಗಿನ ಗ್ಯಾಸಿಗೆ ಜೀವ ಹೋಗುತ್ತೆ, ಹಾಗೆ ಆಳು ಇಳಿಸೋದನ್ನು ತಡೆಯೋಕೆ 2013ರ ಕಾಯ್ದೆಯೇ ಇದೆ. ಪ್ಯಾಡು, ಬಟ್ಟೆ, ಪ್ಲಾಸ್ಟಿಕ್ ಕಮೋಡಿಗೆ ಹಾಕಬೇಡಿ ಅಂತ ಮನೆಯಲ್ಲೂ ಹೇಳು. ಘಟಕದ ಜಾಲರಿಗೆ ಸಿಕ್ಕಿದ್ದನ್ನು ಕೀಳೋನೂ ಯಾರದೋ ಮನೆ ಮಗನೇ. ಕಮೋಡು ತೊಳೆಯೋ ಆಸಿಡ್ಡೂ ಕಮ್ಮಿ ಮಾಡಿ, ಟ್ಯಾಂಕಿನೊಳಗೆ ಕೆಲಸ ಮಾಡೋ ಜೀವಿಗಳು ಅದಕ್ಕೆ ಸಾಯುತ್ತವೆ.

ಆ ಟೈಲ್ಸ್ ಒಡೆಸೋ ದಿನ ಫೋನ್ ಮಾಡು. ಮೇಸ್ತ್ರಿನ ನಾನೇ ಕರ್ಕೊಂಡು ಬರ್ತೀನಿ.