ಹಳೆಯ ಹಾಯಿಹಡಗಿನ ಚುಕ್ಕಾಣಿ: ಪರೀಕ್ಷೆ, ದುರಸ್ತಿ, ಬದಲಾವಣೆ

ಹಡಗಿನಲ್ಲಿ ಸರಕು ಕಳುಹಿಸುವ ವರ್ತಕರು ಬಾಡಿಗೆ, ಹೊರಡುವ ದಿನ ಮತ್ತು ವಿಮೆಯನ್ನು ವಿಚಾರಿಸುವುದು ವಾಡಿಕೆ; ಚುಕ್ಕಾಣಿಯ ಸ್ಥಿತಿಯನ್ನು ವಿಚಾರಿಸುವವರು ವಿರಳ. ಮಂಗಳೂರಿನ ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ದಿನಸಿ, ತರಕಾರಿ, ಸಿಮೆಂಟು, ಜಲ್ಲಿ ಒಯ್ಯುವ ಮಂಜಿಗಳು ಕರಾವಳಿಯ ಹಾಯಿಹಡಗಿನ ಪರಂಪರೆಗೆ ಸೇರಿದವು. ಅವುಗಳಿಗೆ ಎಂಜಿನ್ ಬಂದ ಮೇಲೂ ದಿಕ್ಕು ಹಿಡಿಯುವ ಹೊಣೆ ಚುಕ್ಕಾಣಿಯದೇ. ಅದು ನಡುಗಡಲಿನಲ್ಲಿ ಮುರಿದರೆ ಹಡಗು, ಸರಕು ಮತ್ತು ಸಿಬ್ಬಂದಿ ಮೂರೂ ಅಲೆಗಳ ವಶವಾಗುತ್ತವೆ.

ಕಡಲಿನಿಂದ ಸುಮಾರು 350 ಕಿ.ಮೀ. ದೂರದ ಬೆಂಗಳೂರಿಗೂ ಈ ವಿಷಯ ಹೊರಗಿನದಲ್ಲ. ಮಲ್ಲೇಶ್ವರದಲ್ಲಿ 1938ರಲ್ಲಿ ಅರಣ್ಯ ಸಂಶೋಧನಾ ಪ್ರಯೋಗಾಲಯವಾಗಿ ಆರಂಭಗೊಂಡು, 1988ರಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಾಗಿ ರೂಪುಗೊಂಡ ಕೇಂದ್ರವು, ಸಮುದ್ರದ ನೀರಿನಲ್ಲಿ ಮರ ಹೇಗೆ ಹಾಳಾಗುತ್ತದೆ ಎಂಬುದನ್ನು ದೀರ್ಘಕಾಲ ಅಧ್ಯಯನ ಮಾಡಿದೆ. ಚುಕ್ಕಾಣಿಗೆ ಬೇಕಾದ ದಂಡ, ಬುಶ್, ಬೋಲ್ಟುಗಳು ನಗರದ ಸಣ್ಣ ಕಾರ್ಖಾನೆಗಳು ತಯಾರಿಸಬಲ್ಲ ಮತ್ತು ಎಸ್.ಪಿ. ರಸ್ತೆಯ ಅಂಗಡಿಗಳು ಪೂರೈಸಬಲ್ಲ ವಸ್ತುಗಳೇ ಆಗಿವೆ.

ಚುಕ್ಕಾಣಿಯ ಮೇಲಿನ ಭಾರ

ಚುಕ್ಕಾಣಿಯ ಮೇಲೆ ಬೀಳುವ ಬಲವು ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಅರ್ಧ ಚದರ ಮೀಟರ್ ವಿಸ್ತೀರ್ಣದ ಚುಕ್ಕಾಣಿಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಸೆಕೆಂಡಿಗೆ 3 ಮೀಟರ್, ಅಂದರೆ ಸುಮಾರು 6 ನಾಟ್ ವೇಗದಲ್ಲಿ ಬಲವಾಗಿ ತಿರುಗಿಸಿದಾಗ ಅದರ ಮೇಲೆ ಸುಮಾರು 235 ಕಿಲೋ ತೂಕದಷ್ಟು ಒತ್ತಡ ಬೀಳುತ್ತದೆ. ವೇಗವು 4 ಮೀಟರಿಗೆ ಏರಿದರೆ ಅದೇ ಒತ್ತಡ ಸುಮಾರು 420 ಕಿಲೋ ಆಗುತ್ತದೆ.

ಈ ಭಾರವನ್ನು ಹೊರುವುದು ದಂಡ. ದುಂಡನೆಯ ಗಟ್ಟಿ ದಂಡದ ಬಾಗುವಿಕೆಯನ್ನು ತಡೆಯುವ ಶಕ್ತಿ ಅದರ ವ್ಯಾಸದ ಘನಕ್ಕೆ ಅನುಗುಣವಾಗಿರುತ್ತದೆ. ಆದುದರಿಂದ 40 ಮಿ.ಮೀ. ದಂಡವು ಸವೆದು 36 ಮಿ.ಮೀ. ಆದರೆ ವ್ಯಾಸದಲ್ಲಿ ಹತ್ತನೆಯ ಒಂದು ಪಾಲು ಮಾತ್ರ ಕಡಿಮೆಯಾದರೂ, ಶಕ್ತಿಯಲ್ಲಿ ನೂರಕ್ಕೆ 27ರಷ್ಟು ನಷ್ಟವಾಗಿರುತ್ತದೆ. ಕಣ್ಣಿಗೆ ಅಲ್ಪವೆನಿಸುವ ಸವೆತವನ್ನು ವರ್ನಿಯರ್‌ನಿಂದ ಅಳೆದೇ ನಿರ್ಣಯಿಸಬೇಕೆನ್ನುವುದು ಇದಕ್ಕಾಗಿ.

ಪರೀಕ್ಷೆಯ ಕ್ರಮ

ಮಳೆಗಾಲದಲ್ಲಿ ಹಡಗನ್ನು ದಡಕ್ಕೆ ಏರಿಸಿದಾಗ ಪರೀಕ್ಷೆ ನಡೆಸುವುದು ಸೂಕ್ತ. ಮೊದಲು ಹಿಡಿಕೋಲನ್ನು ಅಲುಗದಂತೆ ಕಟ್ಟಿ, ಚುಕ್ಕಾಣಿಯ ಹಲಗೆಯನ್ನು ಕೈಯಿಂದ ಎರಡೂ ಬದಿಗೆ ತಳ್ಳಿ ನೋಡಬೇಕು. ದಂಡವೂ ಸೇರಿ ಪಕ್ಕಕ್ಕೆ ಅಲುಗಿದರೆ ಬುಶ್ ಸವೆದಿದೆ ಎಂದರ್ಥ. ದಂಡ ನಿಶ್ಚಲವಾಗಿದ್ದು ಹಲಗೆ ಮಾತ್ರ ಅಲುಗಿದರೆ ಒಳಗಿನ ಜೋಡಣೆ ಕಳಚಿದೆ. ಇದು ಹೆಚ್ಚು ಅಪಾಯದ ಸೂಚನೆ.

ಮರದ ಚುಕ್ಕಾಣಿಯಲ್ಲಿ ಹಡಗುಹುಳುವಿನ ಬಾಧೆಯನ್ನು ಹುಡುಕಬೇಕು. ಹೆಸರಿನಲ್ಲಿ ಹುಳುವಾದರೂ ಇದು ಕಪ್ಪೆಚಿಪ್ಪಿನ ವರ್ಗಕ್ಕೆ ಸೇರಿದ ಮೃದ್ವಂಗಿ. ಮರಿಯಾಗಿದ್ದಾಗ ಸೂಜಿಮೊನೆಯಷ್ಟು ರಂಧ್ರದಿಂದ ಒಳಹೊಕ್ಕು, ಬೆಳೆಯುತ್ತಾ ಒಳಗೇ ಅಗಲವಾದ ಸುರಂಗ ಕೊರೆಯುವುದರಿಂದ ಹೊರಮೈ ಗಟ್ಟಿಯಾಗಿಯೇ ಕಾಣುತ್ತದೆ. ಸಣ್ಣ ಸುತ್ತಿಗೆಯಿಂದ ತಟ್ಟಿದಾಗ ಕೇಳುವ ಮಂದ ಸದ್ದು ಮತ್ತು ದಬ್ಬಳ ಸುಲಭವಾಗಿ ಇಳಿಯುವ ಜಾಗಗಳು ಇದರ ಸುಳಿವುಗಳು. ಕರಾವಳಿಯಲ್ಲಿ ಹಡಗು ಕಟ್ಟಲು ಬಳಸುವ ತೇಗ ಮತ್ತು ಹೆಬ್ಬಲಸು ಉತ್ತಮ ಮರಗಳಾದರೂ ಈ ಬಾಧೆಯಿಂದ ಪೂರ್ಣ ಮುಕ್ತವಲ್ಲ.

ಫೈಬರ್‌ಗ್ಲಾಸ್ ಚುಕ್ಕಾಣಿಯಲ್ಲಿ ದಂಡವು ಮೇಲ್ಭಾಗದಲ್ಲಿ ಒಳಸೇರುವ ಸಂದಿಯಿಂದ ನೀರು ಇಳಿಯುತ್ತದೆ. ಹಡಗು ಒಣನೆಲದಲ್ಲಿ ಕೆಲವು ದಿನ ನಿಂತ ಮೇಲೂ ಅಂಚಿನಿಂದ ನೀರು ಜಿನುಗಿದರೆ ಕೆಳತುದಿಯಲ್ಲಿ ಸಣ್ಣ ರಂಧ್ರ ಕೊರೆದು ನೋಡತಕ್ಕದ್ದು. ಬರುವ ನೀರು ಕಂದು ಬಣ್ಣದ್ದಾಗಿದ್ದರೆ ಒಳಗಿನ ಉಕ್ಕು ತುಕ್ಕು ಹಿಡಿಯುತ್ತಿದೆ ಎಂದು ತಿಳಿಯಬೇಕು. ಸ್ಟೇನ್‌ಲೆಸ್ ಸ್ಟೀಲ್ ತನ್ನ ಮೇಲಿನ ರಕ್ಷಣಾ ಪದರವನ್ನು ಉಳಿಸಿಕೊಳ್ಳಲು ಆಮ್ಲಜನಕ ಬೇಕು. ಸಂದಿಯಲ್ಲಿ ನಿಂತ ಉಪ್ಪುನೀರಿನಲ್ಲಿ ಅದು ದೊರೆಯದೆ ಲೋಹದಲ್ಲಿ ಗುಳಿ ಬೀಳುತ್ತದೆ.

ದುರಸ್ತಿಯೋ ಬದಲಾವಣೆಯೋ?

ಇಲ್ಲಿ ದೋಷದ ಗಾತ್ರಕ್ಕಿಂತ ದೋಷದ ಸ್ಥಾನವೇ ಮುಖ್ಯ. ಹಲಗೆಯ ಅಂಚು ಕೊಳೆತಿದ್ದರೆ ಗಟ್ಟಿ ಮರ ಸಿಗುವವರೆಗೆ ಕತ್ತರಿಸಿ, ಹದವಾಗಿ ಒಣಗಿಸಿದ ಅದೇ ಜಾತಿಯ ಮರವನ್ನು ಓರೆಗೂಡಿನಿಂದ ಸೇರಿಸಬಹುದು. ಓರೆಯ ಉದ್ದ ಹಲಗೆಯ ದಪ್ಪದ ಎಂಟು ಪಟ್ಟಾದರೂ ಇರಬೇಕು. ಫೈಬರ್‌ಗ್ಲಾಸ್ ಪದರ ಸೀಳಿದ್ದರೆ ಅದನ್ನು ಬಿಡಿಸಿ, ಒಳಭಾಗವನ್ನು ಸಂಪೂರ್ಣ ಒಣಗಿಸಿದ ನಂತರವೇ ಎಪಾಕ್ಸಿಯಿಂದ ಹೊಸ ಪದರ ಕಟ್ಟಬೇಕು. ತೇವವನ್ನು ಒಳಗೇ ಮುಚ್ಚಿದ ದುರಸ್ತಿ ಬಾಳುವುದಿಲ್ಲ. ಸವೆದ ಬುಶ್ ಬದಲಿಸುವಾಗ ನೈಲಾನ್ ನೀರಿನಲ್ಲಿ ಉಬ್ಬಿ ದಂಡವನ್ನು ಬಿಗಿಹಿಡಿಯುತ್ತದೆ ಎಂಬುದನ್ನು ಮರೆಯಬಾರದು; ಅಸಿಟಾಲ್ ಅಥವಾ ಕಂಚು ಹೆಚ್ಚು ಯುಕ್ತ.

ದಂಡದಲ್ಲಿ ಬಿರುಕು ಅಥವಾ ಆಳವಾದ ಗುಳಿ ಕಂಡರೆ, ಇಲ್ಲವೇ ಒಳಬೆಸುಗೆ ಕಡಿದಿದ್ದರೆ ತೇಪೆ ಹಾಕುವುದು ಸಲ್ಲದು. ಆ ಭಾಗವನ್ನು ಬದಲಿಸಲೇಬೇಕು. ಹೊಸ ದಂಡಕ್ಕೆ 304 ದರ್ಜೆಯ ಬದಲು 316 ಅಥವಾ ಡ್ಯೂಪ್ಲೆಕ್ಸ್ 2205 ದರ್ಜೆಯ ಉಕ್ಕನ್ನು ಬಳಸುವುದು ಒಳಿತು. ಕಂಚಿನ ಜಾಗದಲ್ಲಿ ಸಾಮಾನ್ಯ ಹಿತ್ತಾಳೆಯನ್ನು ಪೂರೈಸುವುದು ಅಪಾಯಕರ. ಉಪ್ಪುನೀರಿನಲ್ಲಿ ಅದರೊಳಗಿನ ಸತು ಕರಗಿ, ಆಕಾರ ಹಾಗೆಯೇ ಉಳಿದು ಸತ್ವ ಹೋಗುತ್ತದೆ. ತಾಮ್ರದ ತಗಡು ಕಬ್ಬಿಣದ ಮೊಳೆಯನ್ನು ಮುಟ್ಟುವಂತೆ ಜೋಡಿಸಿದರೆ ಕಬ್ಬಿಣವೇ ಬೇಗ ಕರಗುತ್ತದೆ. ಹಳೆಯ ಚುಕ್ಕಾಣಿಯನ್ನು ಎಸೆಯದೆ ಅಚ್ಚಾಗಿ ಉಳಿಸಿಕೊಂಡು, ಅದೇ ವಿಸ್ತೀರ್ಣ ಮತ್ತು ಅದೇ ತಿರುಗುವ ಅಕ್ಷವನ್ನು ಹೊಸದರಲ್ಲಿ ಪಾಲಿಸಬೇಕು. ಹೆಚ್ಚು ಹಿಡಿತ ಸಿಗಲೆಂದು ಹಲಗೆಯನ್ನು ದೊಡ್ಡದು ಮಾಡಿದರೆ ದಂಡ, ಬುಶ್, ಹಿಡಿಕೋಲು ಎಲ್ಲದರ ಮೇಲೂ ಭಾರ ಏರುತ್ತದೆ.

ಹೊಸ ಹಡಗಿಗೂ ವಿನಾಯಿತಿ ಇಲ್ಲ. ಭಾರತೀಯ ನೌಕಾಪಡೆಯ ಆರು ಮಹಿಳಾ ಅಧಿಕಾರಿಗಳು 2017-18ರಲ್ಲಿ ವಿಶ್ವ ಪರ್ಯಟನೆ ಮಾಡಿದ ತಾರಿಣಿ ಹಾಯಿನೌಕೆಯು 2017ರಲ್ಲಷ್ಟೇ ಸೇವೆಗೆ ಸೇರಿತ್ತು. ಆದರೂ ದಿಕ್ಕು ತಿರುಗಿಸುವ ವ್ಯವಸ್ಥೆಯಲ್ಲಿ ದೋಷ ಕಂಡು, 2018ರಲ್ಲಿ ಮಾರಿಷಸ್‌ನಲ್ಲಿ ನಿಲ್ಲಬೇಕಾಯಿತು. ದುರಸ್ತಿಯ ನಂತರ ಅದು ಗೋವಾಕ್ಕೆ ಸುರಕ್ಷಿತವಾಗಿ ಮರಳಿತು.

ವರ್ತಕರು ಗಮನಿಸಬೇಕಾದುದು

1963ರ ಸಾಗರ ವಿಮಾ ಕಾಯಿದೆಯಂತೆ, ಒಂದು ಯಾನಕ್ಕೆಂದು ಪಡೆದ ಪಾಲಿಸಿಯಲ್ಲಿ ಯಾನದ ಆರಂಭಕ್ಕೆ ಹಡಗು ಸಮುದ್ರಯಾನಕ್ಕೆ ಯೋಗ್ಯವಾಗಿರಬೇಕೆಂಬುದು, ಬರೆಯದಿದ್ದರೂ ಒಳಗೊಂಡಿರುವ ಷರತ್ತು. ಸರಕು ವಿಮೆಯ ಅನೇಕ ಪಾಲಿಸಿಗಳಲ್ಲಿ ಈ ಷರತ್ತನ್ನು ಸಡಿಲಿಸಿರುತ್ತಾರೆ. ಆದರೆ ದೋಷ ತಿಳಿದೂ ಸರಕು ಹೇರಿದವರಿಗೆ ಆ ರಕ್ಷಣೆ ದೊರೆಯದಿರಬಹುದು. ಆದುದರಿಂದ ಪಾಲಿಸಿಯನ್ನು ಓದಿ, ಕಳೆದ ಮಳೆಗಾಲದಲ್ಲಿ ಚುಕ್ಕಾಣಿಯನ್ನು ಕಳಚಿ ಪರೀಕ್ಷಿಸಲಾಗಿತ್ತೇ, ದಂಡದ ವ್ಯಾಸ ಎಷ್ಟಿತ್ತು, ಯಾವ ಭಾಗ ಬದಲಾಯಿತು ಎಂಬ ದಾಖಲೆಯನ್ನು ಹಡಗಿನ ಮಾಲೀಕರಿಂದ ಕೇಳಿ ಪಡೆಯುವುದು ಹಿತಕರ. ಬಿಡಿಭಾಗ ತಯಾರಿಸುವವರು ಲೋಹದ ದರ್ಜೆಯನ್ನು ಬಿಲ್ಲಿನಲ್ಲಿಯೇ ನಮೂದಿಸಿದರೆ, ಮುಂದೆ ಅದನ್ನು ಪರೀಕ್ಷಿಸುವವರಿಗೂ ದುರಸ್ತಿ ಮಾಡುವವರಿಗೂ ಅದೇ ಆಧಾರವಾಗುತ್ತದೆ.