ರೋಗಿಯ ಒಡನಾಟಕ್ಕೆ ಬೇಕಾದ ಸಿದ್ಧತೆ

ಗಂಭೀರ ಕಾಯಿಲೆಯವರಿಗೆ ಒಡನಾಡಿಯಾಗಲು ಬಯಸಿಯೂ ಅವರೆದುರು ಏನು ಮಾತನಾಡಬೇಕೆಂದು ತೋಚದೆ ಹಿಂಜರಿಯುತ್ತಿರುವ ಓದುಗರ ಅಳುಕು ಸಹಜವಾದುದು. ಅತಿಯಾದ ಆತ್ಮವಿಶ್ವಾಸಕ್ಕಿಂತ ಅದೇ ಈ ಕೆಲಸಕ್ಕೆ ಹೆಚ್ಚು ಒಪ್ಪುತ್ತದೆ. ಉಪಶಾಮಕ ಆರೈಕೆ, ಎಂದರೆ ರೋಗವನ್ನು ಗುಣಪಡಿಸುವುದಕ್ಕಿಂತ ನೋವು, ಭಯ ಮತ್ತು ಒಂಟಿತನಗಳನ್ನು ತಗ್ಗಿಸುವುದನ್ನು ಗುರಿಯಾಗಿಸಿಕೊಂಡ ಶುಶ್ರೂಷೆಯು, 1993ರಲ್ಲಿ ಕಲ್ಲಿಕೋಟೆಯಲ್ಲಿ ಹುಟ್ಟಿದ ಸಂಸ್ಥೆಯೊಂದರಿಂದ ಆರಂಭಗೊಂಡು ಕೇರಳದಾದ್ಯಂತ ನೆರೆಹೊರೆಯ ಜಾಲವಾಗಿ ಹರಡಿದ್ದು, ಅಲ್ಲಿ ತರಬೇತಿ ಪಡೆದ ಸಾಮಾನ್ಯ ಜನರೂ ದಾದಿಯರೊಂದಿಗೆ ರೋಗಿಗಳ ಮನೆಗೆ ಹೋಗುತ್ತಾರೆ. ಬೆಂಗಳೂರಿನ ಓದುಗರು, ಮುಂದುವರಿದ ಹಂತದ ಕ್ಯಾನ್ಸರ್ ರೋಗಿಗಳಿಗೆ ಉಚಿತ ಆರೈಕೆ ನೀಡುವ ಕರುಣಾಶ್ರಯದಲ್ಲಿ ಇಂಥ ಒಡನಾಟದ ಅವಕಾಶದ ಬಗ್ಗೆ ವಿಚಾರಿಸಬಹುದು.

ಈ ಒಡನಾಟದಲ್ಲಿ ಮಾತಿಗಿಂತ ಕೇಳುವಿಕೆಯೇ ಮುಖ್ಯವಾದ್ದರಿಂದ, ಎಲ್ಲ ಸರಿಹೋಗುತ್ತದೆಂಬ ಪೊಳ್ಳು ಭರವಸೆಯೂ ಪರಿಚಿತರ ಕಾಯಿಲೆಯ ಕಥೆಯೂ (ಭೇಟಿಗೆ ಬರುವ ಬಂಧುಗಳು ಇವೆರಡನ್ನೂ ಧಾರಾಳವಾಗಿ ಹಂಚಿರುತ್ತಾರೆ) ವರ್ಜ್ಯ. ರೋಗಿಯೇ ಸಾವಿನ ಪ್ರಸ್ತಾಪವೆತ್ತಿದಾಗ ವಿಷಯಾಂತರ ಮಾಡದೆ, ಉತ್ತರ ಹೊಳೆಯದಿದ್ದರೂ ಜೊತೆಯಲ್ಲಿ ಕುಳಿತಿರುವುದು ಸಾಕು. ಔಷಧಿಯ ಪ್ರಶ್ನೆಗಳನ್ನು ದಾದಿಗೋ ವೈದ್ಯರಿಗೋ ಒಪ್ಪಿಸಬೇಕು. ಕೇಳಿದ ಮನೆಯ ಗುಟ್ಟುಗಳು ಹೊರಗೆ ಹೋಗಬಾರದು. ಇತ್ತೀಚೆಗೆ ಆಪ್ತರನ್ನು ಕಳೆದುಕೊಂಡವರು ಕೆಲಕಾಲ ತಡೆಯುವುದು ಲೇಸು. ಉಳಿದವರು ವಾರಕ್ಕೊಂದು ಗಂಟೆಯನ್ನಷ್ಟೇ ಒಪ್ಪಿಕೊಂಡು, ಬರುವೆನೆಂದು ಹೇಳಿದ ದಿನವನ್ನು ತಪ್ಪಿಸದಿರಲಿ.